ಸೀಟಿ ಸಾಹೇಬರು ಮತ್ತು ನಮ್ಮ ಗೋಲ್‌ಕೀಪರ್

ಫುಟ್ಬಾಲ್ ಆಡುವವರು ಇಪ್ಪತ್ತೆರಡು ಜನ, ಸೋಲಿಸುವವನು ಸೀಟಿ ಹಿಡಿದ ಇಪ್ಪತ್ಮೂರನೆಯವನು. ಗೋರೆಗಾಂವ್‌ನಲ್ಲಿ ನಾನು ಖಾನಾವಳಿ ನಡೆಸಿದಷ್ಟು ವರ್ಷ ಇದನ್ನು ವಾರಕ್ಕೊಮ್ಮೆಯಾದರೂ ಕಂಡೆ.

ಖಾನಾವಳಿಯ ಎದುರೇ ಬಟ್ಟೆ ಕಾರ್ಖಾನೆ, ಅದರ ಮೈದಾನ. ಆಗೆಲ್ಲ ಕಾರ್ಖಾನೆಗಳು ಚೆನ್ನಾಗಿ ಆಡುವವರನ್ನು ನೌಕರಿ ಕೊಟ್ಟು ಕರೆಸಿಕೊಳ್ಳುತ್ತಿದ್ದವು. ಹಾಗೆ ಬಂದವನು ಗದಗಿನ ಕಡೆಯ ನಮ್ಮ ಗೋಲ್‌ಕೀಪರ್. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ಎರಡು ಹೊತ್ತು ನನ್ನದೇ ಊಟ. ಅವನದು ಬದಲಿ ಕೆಲಸ. ಕಾಯಂ ನೌಕರ ರಜೆ ಹಾಕಿದ ದಿನ ಮಾತ್ರ ಒಳಗೆ ಕರೆಯುತ್ತಿದ್ದರು. ಆ ವರ್ಷ ಮ್ಯಾನೇಜರ್ ಹೇಳಿಬಿಟ್ಟ: "ಟೀಮು ಮೊದಲ ಡಿವಿಷನ್‌ನಲ್ಲಿ ಉಳಿದರೆ ನೀನು ಕಾಯಂ. ಬಿದ್ದರೆ ಊರಿಗೆ." ಅಂದಿನಿಂದ ಒಲೆಯ ಮೇಲೆ ಏನೇ ಇರಲಿ, ನಾನು ಒಂದು ಮ್ಯಾಚೂ ಬಿಡಲಿಲ್ಲ.

ನೆರಳಿನ ಕಾನೂನು

ಮೈದಾನದ ಅಂಚಿಗೆ ಒಂದೇ ಒಂದು ಹುಣಸೆ ಮರ. ಬಾವುಟ ಹಿಡಿಯುವ ಲೈನ್ಸ್‌ಮನ್ ಗೆರೆಯುದ್ದಕ್ಕೂ ಓಡಬೇಕಾದವನು. ಆದರೆ ಈ ಪುಣ್ಯಾತ್ಮ ಮರದ ನೆರಳು ಬಿಟ್ಟು ಒಂದು ಹೆಜ್ಜೆ ಆಚೆ ಇಡುತ್ತಿರಲಿಲ್ಲ. ನೆರಳಿನ ಎದುರಿಗೆ ನಡೆದದ್ದು ತಪ್ಪು, ಬಿಸಿಲಲ್ಲಿ ನಡೆದದ್ದು ಅವನಿಗೆ ಕಾಣದು. ನಮ್ಮ ಹುಡುಗರು ಇದನ್ನು ಕಂಡುಕೊಂಡು ಬಿಸಿಲಲ್ಲೇ ನಿಂತು ಗೋಲು ಹೊಡೆಯತೊಡಗಿದರು.

ಹೊತ್ತು ಇಳಿದಂತೆ ನೆರಳು ಸರಿಯಿತು, ಅದರ ಹಿಂದೆ ಅವನೂ ಸರಿದ. ಮೊದಲರ್ಧದಲ್ಲಿ ಸರಿಯಾಗಿದ್ದದ್ದು ಎರಡನೇ ಅರ್ಧದಲ್ಲಿ ತಪ್ಪಾಯಿತು. ನಮ್ಮ ಎರಡು ಗೋಲು ರದ್ದಾಗಿ ಹೋದವು. ನಾನು ಹೋಗಿ ಜಗಳ ತೆಗೆದೆ. ಅವನು ಬಾವುಟದಿಂದ ಗಾಳಿ ಹಾಕಿಕೊಳ್ಳುತ್ತ, ಅಲ್ಲಿಯವರು ಹೆಂಗಸರನ್ನೆಲ್ಲ ಕರೆಯುವ ಹಾಗೆ ಕರೆದು ಹೇಳಿದ: "ಬಾಯಿ, ನಾನೇನು ಮಾಡಲಿ? ಸೂರ್ಯನಿಗೆ ಹೇಳಿ."

ಬೊರಿವಲಿ ಲೋಕಲ್

ಇವನಲ್ಲದೆ ಒಬ್ಬ ರೆಫರಿ ಇದ್ದ, ಬೊರಿವಲಿಯವನು. ಆಟ ಮುಗಿಸಿ ಸಂಜೆಯ ಲೋಕಲ್ ಹಿಡಿಯಬೇಕು. ಮೈದಾನದಿಂದ ಸ್ಟೇಷನ್ನಿನ ಸಿಗ್ನಲ್ ಕಾಣುತ್ತಿತ್ತು. ಸಿಗ್ನಲ್ ಬಿತ್ತೋ, ಮ್ಯಾಚ್ ಮುಗಿಯಿತು. ಕೈಗಡಿಯಾರ ಬರೀ ಶೋಕಿಗೆ.

ಒಮ್ಮೆ ನಾವು ಒಂದು ಗೋಲಿನಿಂದ ಮುಂದಿದ್ದೆವು. ಆಟದ ಹೊತ್ತು ಮುಗಿದೇ ಹೋಗಿತ್ತು. ಆದರೆ ಅಂದು ಟ್ರೇನೇ ಬರಲೊಲ್ಲದು! ಪ್ಲಾಟ್‌ಫಾರ್ಮಿನಲ್ಲಿ ಒಬ್ಬನೇ ಕೂರುವುದಕ್ಕಿಂತ ಆಡಿಸುವುದೇ ವಾಸಿ ಎಂದು ಅವನು ಆಡಿಸಿದ, ಆಡಿಸಿದ. ಆಟಗಾರರು ಸೊಂಟಕ್ಕೆ ಕೈಕೊಟ್ಟು ನಡೆಯತೊಡಗಿದರು. ಎದುರಿನವರು ನಡೆದುಕೊಂಡೇ ಬಂದು ಗೋಲು ಹೊಡೆದರು. ಆಮೇಲೆ ಸಿಗ್ನಲ್ ಬಿತ್ತು.

ನಮ್ಮ ಗೋಲ್‌ಕೀಪರ್ ಕೆಸರಿನಲ್ಲಿ ಕೂತುಬಿಟ್ಟ. "ಎಲ್ಲಾರೂ ರೆಫರೀಗೆ ಬೈತಾರ್ರೀ ಅಕ್ಕಾ. ನಾ ಟ್ರೇನ್ ಓಡ್ಸೂ ಮೋಟರ್‌ಮನ್ನಗ ಬೈಬೇಕಾಗೇತಿ!"

ಪುಸ್ತಕ ಹಿಡಿದು ಹೋದೆ

ನಾನು ಶಾಲೆಗೆ ಹೋದವಳಲ್ಲ. ಊರಿನವರು ರೊಟ್ಟಿ ಕಟ್ಟಿ ತಂದ ಪೇಪರಿನಿಂದ ಕನ್ನಡ, ಅಂಗಡಿಯವನು ಬೇಳೆ ಕಟ್ಟಿಕೊಟ್ಟ ಪೇಪರಿನಿಂದ ಮರಾಠಿ, ಇಂಗ್ಲಿಷ್ ಕಲಿತೆ. ಯಾರೂ ಕಲಿಸಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಮಲಾಡ್‌ನ ರದ್ದಿ ಅಂಗಡಿಯಿಂದ ಫುಟ್ಬಾಲ್ ನಿಯಮದ ಪುಸ್ತಕ ತಂದು ಅಕ್ಷರ ಅಕ್ಷರ ಓದಿದೆ. ಚೆಂಡು ಹಿಡಿದ ಗೋಲ್‌ಕೀಪರ್ ನಾಲ್ಕು ಹೆಜ್ಜೆ ಇಡಬಹುದು ಎಂದಿತ್ತು. ನಮ್ಮವನು ನಾಲ್ಕೇ ಇಟ್ಟಿದ್ದ; ಬೊರಿವಲಿ ಸಾಹೇಬ ಐದು ಎಂದ. ಪುಸ್ತಕ ಹಿಡಿದು ಮೈದಾನದೊಳಕ್ಕೇ ಹೋಗಿ ಗಟ್ಟಿಯಾಗಿ ಓದಿದೆ. ಜನ ಚಪ್ಪಾಳೆ ತಟ್ಟಿದರು.

ಅವನು ಸಾವಕಾಶ ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟ. "ಬಾಯಿ, ಇದನ್ನೂ ಓದಿ."

ಓದಿದೆ: ರೆಫರಿಯ ತೀರ್ಮಾನವೇ ಅಂತಿಮ.

ಮರುದಿನ ಆ ಪುಟದಲ್ಲಿ ಯಾರಿಗೋ ಚುರಮುರಿ ಕಟ್ಟಿಕೊಟ್ಟೆ.

ಬಜಿ ಯಾರದು?

ಕೊನೆಯ ಮ್ಯಾಚ್, ಮಲಾಡ್ ಕಾರ್ಖಾನೆಯ ಮೇಲೆ. ಸೋತರೆ ಟೀಮು ಕೆಳಗೆ, ಗೋಲ್‌ಕೀಪರ್ ಊರಿಗೆ. ಸಮ ಮಾಡಿಕೊಂಡರೂ ಸಾಕಿತ್ತು.

ಹೊಸ ರೆಫರಿ ಬಂದಿದ್ದ, ಬಹಳ ಪ್ರಾಮಾಣಿಕನಂತೆ. ಯಾರೆಂದು ಗೊತ್ತಿಲ್ಲದೆ ನಾನೇ ಮಧ್ಯಾಹ್ನ ಅವನಿಗೆ ಎಣ್ಣೆಗಾಯಿ ಬಡಿಸಿದ್ದೆ, ಹೋಳಿಗೆಗೆ ಎರಡು ಸಲ ತುಪ್ಪ ಹಾಕಿದ್ದೆ. ಮೈದಾನಕ್ಕೆ ಬಂದು ನನ್ನನ್ನು ಕಂಡವನೇ ಬೆವೆತ. "ಅಯ್ಯೋ ಬಾಯಿ, ಇದು ನಿಮ್ಮ ಟೀಮಾ? ನಿಮ್ಮ ಅನ್ನ ತಿಂದೆನಲ್ಲ! ಪಕ್ಷಪಾತಿ ಅನ್ನಿಸಿಕೊಳ್ಳುವವನಲ್ಲ ನಾನು."

ಶುರುವಾಯಿತು. ನಮ್ಮ ಗೋಲು ಗೋಲಲ್ಲ ಎಂದ. ಮಲಾಡ್‌ನವರಿಗೆ ಪೆನಾಲ್ಟಿ ಕೊಟ್ಟ. ನಮ್ಮವನು ಹಿಡಿದ. "ಮೊದಲೇ ಅಲುಗಾಡಿದೆ, ಇನ್ನೊಮ್ಮೆ." ಮತ್ತೆ ಹಿಡಿದ. "ಇನ್ನೊಮ್ಮೆ." ಮೂರನೆಯದು ಒಳಗೆ ಹೋಯಿತು.

ವಿರಾಮದಲ್ಲಿ ಗೋಲ್‌ಕೀಪರ್ ಬಂದ. "ಅಕ್ಕಾ, ಟ್ರಂಕ್ ತುಂಬ್ಲೇನ್ರೀ?"

"ನಿನ್ನ ಟ್ರಂಕಿಗೆ ಬೆಂಕಿ ಬೀಳ್ಲಿ, ಸುಮ್ನ ಕೂಡು," ಎಂದು ಒಲೆಯ ಹತ್ತಿರ ಓಡಿದೆ. ಒಂದು ತಾಟು ಬಿಸಿ ಮೆಣಸಿನಕಾಯಿ ಬಜಿ ಮಾಡಿ ತಂದು ಮಲಾಡ್ ಮ್ಯಾನೇಜರ್ ಮುಂದಿಟ್ಟೆ. "ಸಾಹೇಬ್ರ, ರೆಫರಿ ಹಸಿದಾನ. ನಾ ಕೊಟ್ರ ಚೆಂದ ಕಾಣಂಗಿಲ್ಲ. ನೀವ ಕೊಡ್ರಿ." ರೆಫರಿಯನ್ನು ಒಲಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಯಾವುದೆಂದು ಅವನು ತಾಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಓಡಿದ. ರೆಫರಿ ತಾಟು ಖಾಲಿ ಮಾಡಿದ.

ಎರಡನೇ ಅರ್ಧ. ಮಲಾಡ್‌ನವರು ಕೆಮ್ಮಿದರೂ ಸೀಟಿ! ನಮಗೆ ಪೆನಾಲ್ಟಿ ಸಿಕ್ಕಿತು, ಗೋಲಾಯಿತು, ಸಮವಾಯಿತು. ಐದು ನಿಮಿಷ ಉಳಿದಿದ್ದಾಗ ಮಲಾಡ್ ಮ್ಯಾನೇಜರನಿಗೆ ಗುಟ್ಟು ಹೊಳೆಯಿತು. ಗೆರೆಯುದ್ದಕ್ಕೂ ಕೂಗುತ್ತ ಓಡಿದ: "ಬಜಿ ನಮ್ಮದಲ್ಲ! ಆ ಬಾಯಿಯದು!"

ರೆಫರಿ ಆಟ ನಿಲ್ಲಿಸಿ ನೇರ ನನ್ನ ಮುಂದೆ ಬಂದ. "ಬಾಯಿ, ಖರೆ ಹೇಳಿ. ಅಷ್ಟು ಚಂದದ ಬಜಿ ನಾನು ಜನ್ಮದಲ್ಲಿ ತಿಂದಿಲ್ಲ. ನೀವು ಮಾಡಿದ್ದಾ?"

ನನ್ನ ಕೈರುಚಿಯನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ ನಾನು. ಗಂಟಲಿಗೆ ಬಂದಿತ್ತು ಮಾತು. ಗೋಲ್‌ಕಂಬದ ಹತ್ತಿರ ನಮ್ಮವನು ಕೈ ಮುಗಿದುಕೊಂಡು ನಿಂತಿದ್ದ.

"ನನಗ ಬಜಿ ಮಾಡಾಕ ಬರಂಗಿಲ್ರೀ," ಎಂದೆ.

ಮ್ಯಾಚ್ ಸಮವಾಯಿತು, ನಮ್ಮವನು ಕಾಯಂ ಆದ. ಆ ಪ್ರಾಮಾಣಿಕ ರೆಫರಿ ಮಾತ್ರ ಮುಂದೆ ಎಷ್ಟೋ ವರ್ಷ ನನ್ನ ಖಾನಾವಳಿಯಲ್ಲೇ ಕೂತು, ನನ್ನ ಗಿರಾಕಿಗಳಿಗೇ ಹೇಳುತ್ತಿದ್ದ: "ಊಟಕ್ಕೆ ಇಲ್ಲಿ ಬನ್ನಿ. ಬಜಿ ಬೇಕಾದರೆ ಮಲಾಡ್‌ಗೇ ಹೋಗಬೇಕು."