ಮಾವನ ಬ್ರಹ್ಮಾಂಡಕ್ಕೆ ಸರಕಾರದ ಮನ್ನಣೆ

ನಮ್ಮ ಸೋದರಮಾವನಿಗೆ ಭೂಮಿಯ ವಯಸ್ಸು ಗೊತ್ತಿತ್ತು, ತಮ್ಮ ವಯಸ್ಸು ಗೊತ್ತಿರಲಿಲ್ಲ! ಸೃಷ್ಟಿಯಾಗಿ ಎಷ್ಟು ಕಾಲವಾಯಿತೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಯುಗ, ಮನ್ವಂತರಗಳ ಸಮೇತ ಹೇಳುತ್ತಿದ್ದರು. ಆದರೆ ಜನಗಣತಿಯವನು ಬಂದು "ನಿಮ್ಮ ವಯಸ್ಸೆಷ್ಟ್ರಿ ಆಚಾರ್ರೇ?" ಎಂದಾಗ ಬೆರಳು ಮಡಿಸಿದರು, ಬಿಚ್ಚಿದರು, ಕಡೆಗೆ "ಅಧಿಕಮಾಸ ಹಿಡಿದು ಹೇಳಲ್ಯೋ, ಬಿಟ್ಟು ಹೇಳಲ್ಯೋ?" ಎಂದು ಅವನನ್ನೇ ಕೇಳಿದರು. ಅವನು ಪಾಪ, ಮುಖ ನೋಡಿ ಒಂದು ಅಂಕಿ ಬರೆದುಕೊಂಡು ಹೋದ.

ಪೂಜೆಗೆ ಮೊದಲು ಸಂಕಲ್ಪ ಹೇಳುತ್ತೇವಲ್ಲ, ಬ್ರಹ್ಮನ ಆಯುಸ್ಸಿನಿಂದ ಶುರುವಾಗಿ ಇವತ್ತಿನ ತಿಥಿ, ವಾರದವರೆಗೆ ಇಳಿದು ಬರುವುದು? ಉಳಿದವರು ಅದನ್ನು ದೇವರ ಮುಂದೆ ಹೇಳಿದರೆ ಮಾವ ಅಂಚೆ ಕಾರ್ಡಿನಲ್ಲೂ ಬರೆಯುತ್ತಿದ್ದರು! ಹೊಸಪೇಟೆಯಲ್ಲಿದ್ದ ನಮ್ಮವ್ವನಿಗೆ ಹಂಪಿಯಿಂದ ಕಾರ್ಡು ಬರುತ್ತಿತ್ತು. ಬ್ರಹ್ಮ, ಕಲ್ಪ, ಜಂಬೂದ್ವೀಪ, ಭರತಖಂಡ ದಾಟಿ ತುಂಗಭದ್ರೆಯ ದಂಡೆಗೆ ಬರುವಷ್ಟರಲ್ಲಿ ಕಾರ್ಡೇ ಮುಗಿದಿರುತ್ತಿತ್ತು. ಅಣ್ಣನಿಗೆ ಜ್ವರವೋ, ಚಟ್ನಿಪುಡಿ ಬೇಕೋ ತಿಳಿಯದೆ ಅವ್ವ ಎರಡಕ್ಕೂ ಇರಲಿ ಎಂದು ಕಷಾಯದ ಪುಡಿಯನ್ನೂ ಚಟ್ನಿಪುಡಿಯನ್ನೂ ಕಳಿಸುತ್ತಿದ್ದಳು.

ಇಂಥ ಮಾವ ಹಂಪಿಯ ಬಜಾರಿನ ಒಂದು ಕಲ್ಲುಮಂಟಪದಲ್ಲಿ ಸಂಸ್ಕೃತ ಪಾಠಶಾಲೆ ನಡೆಸುತ್ತಿದ್ದರು. ಏಳು ಜನ ವಿದ್ಯಾರ್ಥಿಗಳು. ವ್ಯಾಕರಣ, ಕಾವ್ಯದ ಜೊತೆಗೆ ಸೃಷ್ಟಿಯ ಪಾಠವೂ ಇತ್ತು. ಅದರ ಪ್ರಕಾರ ಭೂಮಿ ತಟ್ಟೆಯ ಹಾಗೆ, ನಡುವೆ ಮೇರು ಪರ್ವತ, ಸುತ್ತ ಉಪ್ಪುನೀರು, ಕಬ್ಬಿನ ಹಾಲು, ತುಪ್ಪ, ಮೊಸರಿನ ಸಮುದ್ರಗಳು. ಹಂಪಿಯ ಗುಡ್ಡಗಳಲ್ಲಿ ಒಂದರ ಮೇಲೊಂದು ಕೂತ ಬಂಡೆಗಳಿವೆಯಲ್ಲ, ಅವು ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದವು. ಯಾವುದು ಯಾರು ಎಸೆದದ್ದು ಎಂದೂ ಮಾವ ಹೇಳಬಲ್ಲರು! ವಾಲಿಯವು ಕೊಂಚ ದೊಡ್ಡವಂತೆ.

ಕಷ್ಟ ಬಂದದ್ದು ಸರಕಾರದ ಮನ್ನಣೆಯಿಂದ. ಮನ್ನಣೆ ಇದ್ದ ಪಾಠಶಾಲೆಯವರು ಮಾತ್ರ ಪಂಡಿತ ಪರೀಕ್ಷೆಗೆ ಕೂಡಬಹುದು, ಪರೀಕ್ಷೆ ಆದವರಿಗೆ ಮಾತ್ರ ಹೈಸ್ಕೂಲಿನಲ್ಲಿ ಕೆಲಸ. "ಮನ್ನಣೆ ಬರಲಿಲ್ಲಂದ್ರ ಮುಂದಿನ ವರ್ಷ ನಮ್ಮ ಹುಡುಗನ್ನ ಕರಕೊಂಡು ಹೋಗ್ತೀವ್ರಿ" ಎಂದು ಕಂಪ್ಲಿಯ ತಂದೆಯೊಬ್ಬರು ಹೇಳಿಯೇಬಿಟ್ಟರು. ಉಳಿದವರೂ ಅದನ್ನೇ ಹೇಳುವವರು. ಮಾವನಿಗೆ ಹೆಂಡತಿ ಹೋಗಿ ಬಹಳ ದಿನವಾಗಿತ್ತು, ಮಕ್ಕಳಿರಲಿಲ್ಲ. ಆ ಪಾಠಶಾಲೆ ಮುಚ್ಚಿದರೆ ಅವರು ಬೆಳಿಗ್ಗೆ ಎದ್ದು ಮಾಡುವುದೇನು?

ಮಾವ ಅರ್ಜಿ ಬರೆದರು. ಹೇಗೆ ಬರೆದಿರಬೇಕು ಹೇಳಿ! ಕಚೇರಿಯಿಂದ ಉತ್ತರ ಬಂತು: ಅರ್ಜಿ ತಲುಪಿದೆ, ಕೋರಿಕೆ ಏನೆಂದು ತಿಳಿಯಲಿಲ್ಲ.

ಎರಡನೆಯ ಅರ್ಜಿ ನಾನು ಬರೆದೆ. ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ, ಅಷ್ಟರೊಳಗೆ ಹೊಸ ಪದ್ಧತಿಯ ಭೂಗೋಳ ಕಲಿಸುವ ಉಪಾಧ್ಯಾಯರೊಬ್ಬರು ಇರತಕ್ಕದ್ದು ಎಂದು ಉತ್ತರ ಬಂತು. ಮಾವ ಆ ಕೆಲಸವನ್ನು ಯಾರಿಗೆ ಕೊಟ್ಟರು ಗೊತ್ತೇ? ಎಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ, ಅದೂ ಭೂಗೋಳದಲ್ಲೇ ಡುಮ್ಕಿ ಹೊಡೆದಿದ್ದ ನನಗೆ!

"ಮಾಮಾ, ನಾ ಫೇಲಾಗೇನಿ."

"ಎರಡು ಸಲ ಓದೀಯಲ್ಲೋ! ಪಾಸಾದವರು ಒಂದs ಸಲ ಓದಿರ್ತಾರ."

ಈ ತರ್ಕಕ್ಕೆ ನಾನು ಉಬ್ಬಿಹೋದೆ. ಬಳ್ಳಾರಿಯಲ್ಲಿ ಓದಿ ಬಂದವನು, ಕ್ರಾಪು ಬಿಟ್ಟವನು, ಮಾವನ ಮೇರು ಪರ್ವತವನ್ನು ಕಂಡಲ್ಲೆಲ್ಲ ಹಾಸ್ಯ ಮಾಡುವವನು. ಅಜ್ಞಾನ ಓಡಿಸಲು ನನಗಿಂತ ಯೋಗ್ಯರು ಯಾರು? ಕೋಟು ಹಾಕಿಕೊಂಡು ಹಂಪಿಗೆ ಹೋದೆ. ಗ್ಲೋಬು ಇರಲಿಲ್ಲ. ಒಂದು ಬೇಲದ ಹಣ್ಣಿಗೆ ಸುಣ್ಣ ಬಳಿದು ಮಸಿಯಲ್ಲಿ ದೇಶಗಳನ್ನು ಬರೆದೆ. ನಮ್ಮ ಭರತಖಂಡಕ್ಕೆ ಜಾಗ ಸಾಲದೆ ಅದನ್ನು ತೊಟ್ಟಿನ ಹತ್ತಿರ ಇಡಬೇಕಾಯಿತು.

ಮಾವ ಹಿಂದೆ ಕಂಬಕ್ಕೊರಗಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ಭೂಮಿ ಗುಂಡಗಿದೆ ಎಂದೆ.

"ಹಂಗಾದ್ರ ಕೆಳಗಿನ ಸಮುದ್ರದ ನೀರು ಸೋರಂಗಿಲ್ಲೇನೋ?" ಎಂದರು ಹಿಂದಿನಿಂದ.

ಯಾಕೆ ಸೋರುವುದಿಲ್ಲ? ನನಗೇನು ಗೊತ್ತು! "ಅದು ಪೋರ್ಶನ್‌ನಾಗ ಇಲ್ಲ ಮಾಮಾ" ಎಂದೆ. ಅವತ್ತಿನಿಂದ ನನಗೆ ತಿಳಿಯದ್ದೆಲ್ಲ ಪೋರ್ಶನ್ನಿನ ಹೊರಗೆ ಬಿತ್ತು. ಇದು ಬಹಳ ಅನುಕೂಲದ ಮಾತು, ಉಪಾಧ್ಯಾಯರಾದವರು ಬಾಯಿಪಾಠ ಮಾಡಬೇಕು.

ಮಾವನೂ ಬಿಡುವ ಆಸಾಮಿಯಲ್ಲ. ಒಂದು ದಿನ ಕೇಳಿದರು: "ಪಾದ್ರಿಗಳ ಸಾಲ್ಯಾಗ ದೇವರು ಆರು ದಿನದಾಗ ಸೃಷ್ಟಿ ಮುಗಿಸಿದ ಅಂತ ಹೇಳ್ತಾರಂತಲ್ಲೋ. ಅದಕ್ಕ ಮನ್ನಣೆ ಅದ. ನಮ್ಮ ಬ್ರಹ್ಮ ಸಾವಕಾಶ ಮಾಡಿದ್ದು ತಪ್ಪಾತೇನು?"

ಇದೂ ಪೋರ್ಶನ್ನಿನಲ್ಲಿ ಇರಲಿಲ್ಲ.

ಬಂಡೆಗಳ ಪಾಠವನ್ನಂತೂ ನಾನು ಮೂರು ದಿನ ಮಾಡಿದೆ. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಮಳೆ ಮೂಲೆಗಳನ್ನು ತಿಂದು ಗುಂಡಗೆ ಮಾಡುತ್ತದೆ. ವಾಲಿಯೂ ಇಲ್ಲ, ಸುಗ್ರೀವನೂ ಇಲ್ಲ ಎಂದು ಹಿಂದಿನ ಕಂಬದ ಕಡೆ ನೋಡಿಯೇ ಹೇಳಿದೆ. ಮಾವ ಬತ್ತಿ ಹೊಸೆಯುತ್ತ "ಹ್ಞೂಂ, ಹ್ಞೂಂ" ಎಂದರು.

ಇನ್‌ಸ್ಪೆಕ್ಟರು ಹೊಸಪೇಟೆಯಲ್ಲಿ ರೈಲಿಳಿದು ಜಟಕಾದಲ್ಲಿ ಬಂದರು. ಜರಿ ರುಮಾಲು, ಬೆಳ್ಳಿ ಕಟ್ಟಿನ ಬೆತ್ತ. ಮಾವನಿಂದ ಮೊದಲೇ ಮಾತು ತೆಗೆದುಕೊಂಡಿದ್ದೆ, ಸೃಷ್ಟಿಯ ವಿಷಯ ಬಾಯಿ ಬಿಡಕೂಡದು ಎಂದು. ಹುಡುಗರು ಶ್ಲೋಕ ಹೇಳಿದರು, ಸಂಧಿ ಬಿಡಿಸಿದರು, ಎಲ್ಲ ಸಸೂತ್ರ. ಅಷ್ಟರಲ್ಲಿ ಇನ್‌ಸ್ಪೆಕ್ಟರು ಹೊರಗೆ ಹೇಮಕೂಟದ ಗುಡ್ಡದ ಕಡೆ ನೋಡಿ ನನ್ನ ಕಡೆ ತಿರುಗಿದರು.

"ಭೂಗೋಳದ ಮೇಷ್ಟ್ರು ನೀವೇ ಏನ್ರಿ? ಈ ಬಂಡೆಗಳು ಹಿಂಗೆ ಒಂದರ ಮೇಲೊಂದು ಹೆಂಗೆ ಬಂದವು, ಹೇಳಿ."

ಮೂರು ದಿನ ಹೇಳಿದ ಪಾಠ! ಬಾಯಿ ತೆರೆದೆ. ಬಿಸಿಲೂ ಇಲ್ಲ, ಮಳೆಯೂ ಇಲ್ಲ, ತಲೆಯೊಳಗೆ ಬರೀ ಬಯಲು. ಪರೀಕ್ಷೆಯ ಹಾಲಿನಲ್ಲಿ ಎರಡು ಸಲ ಆದದ್ದೇ ಮೂರನೆಯ ಸಲವೂ ಆಯಿತು. ಆ ಬಯಲಿನಲ್ಲಿ ಉಳಿದದ್ದು ಒಂದೇ, ಚಿಕ್ಕಂದಿನಲ್ಲಿ ಮಾವನ ಹೆಗಲ ಮೇಲೆ ಕೂತು ಕೇಳಿದ್ದು.

"ವಾಲಿ ಎಸೆದದ್ದು ಸ್ವಾಮಿ" ಎಂದೆ. ಸಾಲದ್ದಕ್ಕೆ, "ಸಣ್ಣವು ಸುಗ್ರೀವನವು" ಎಂದೂ ಸೇರಿಸಿದೆ!

ಹುಡುಗರು ಕಿಸಕ್ಕೆಂದರು. ಇನ್‌ಸ್ಪೆಕ್ಟರು ಪೆನ್ಸಿಲು ತೆಗೆದರು. ಮುಗಿಯಿತು, ಮಾವನ ಪಾಠಶಾಲೆಯ ಋಣ ನನ್ನ ಕೈಯಿಂದಲೇ ಹರಿಯಿತು ಎಂದು ತಲೆ ತಗ್ಗಿಸಿ ನಿಂತೆ.

ಆಗ ಹಿಂದಿನ ಕಂಬದಿಂದ ಮಾವ ಎದ್ದರು. ಕೈಯಲ್ಲಿ ಬತ್ತಿಯ ಹತ್ತಿ ಹಾಗೇ ಇತ್ತು.

"ಸ್ವಾಮಿ, ಅಂವ ಊರ ಮಂದಿ ಹೇಳೋದನ್ನ ಮೊದಲು ಹೇಳಿದ. ಪಾಠ ಕಲಿಸೋದು ಬ್ಯಾರೆ ಅದ. ಬಿಸಿಲಿಗೆ ಕಲ್ಲು ಹಿಗ್ಗತದ, ತಂಪಿಗೆ ಕುಗ್ಗತದ. ಹಿಂಗ ಆಗಿ ಆಗಿ ಬಿರುಕು ಬಿಡತದ. ಅದರಾಗ ಮಳಿನೀರು ಇಳಿದು, ಮೂಲಿ ತಿಂದು, ಗುಂಡಗ ಮಾಡತದ. ವಾಲಿಯೂ ಇಲ್ಲ, ಸುಗ್ರೀವನೂ ಇಲ್ಲ."

ಒಂದಕ್ಷರ ಬಿಟ್ಟಿರಲಿಲ್ಲ. ಇನ್‌ಸ್ಪೆಕ್ಟರ ಮುಖ ಅರಳಿತು.

"ಭೇಷ್! ಇದಕ್ಕೆಲ್ಲ ಎಷ್ಟು ವರ್ಷ ಹಿಡಿದಿರಬೇಕು?"

ಕೆಟ್ಟೆವು ಎಂದುಕೊಂಡೆ. ಸೃಷ್ಟಿಯ ಲೆಕ್ಕ ಹೇಳಲು ಅಂಚೆ ಕಾರ್ಡನ್ನೂ ಬಿಡದ ಮನುಷ್ಯ! ಮಾವನ ತುಟಿ ಒಂದು ಸಲ ಅಲ್ಲಾಡಿತು. ಆಮೇಲೆ ಮೆಲ್ಲಗೆ ಹೇಳಿದರು: "ಅದು ಪೋರ್ಶನ್‌ನಾಗ ಇಲ್ರಿ."

ಮನ್ನಣೆ ಬಂತು. ಭೂಗೋಳದ ಉಪಾಧ್ಯಾಯರು ಕಂಬದ ಬಳಿ ಕೂಡುವ ಹಿರಿಯ ವಿದ್ಯಾರ್ಥಿಯಿಂದ ಪಾಠ ಹೇಳಿಸಿಕೊಳ್ಳತಕ್ಕದ್ದು ಎಂಬ ಇನ್‌ಸ್ಪೆಕ್ಟರ ಚೇಷ್ಟೆಯ ಸಾಲೊಂದೂ ಜೊತೆಗೆ ಬಂತು. ಅದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಆದರೆ ಆ ದಿನ, ಜಟಕಾ ಅತ್ತ ಹೋಗುತ್ತಲೇ ಮಾವ ಹೊಳೆಗೆ ನಡೆದರು. ಬೆಳಗಿನ ಸ್ನಾನ ಆಗಿತ್ತು. ಹಿಂದೆಯೇ ಹೋದೆ. ಮೂರು ಸಲ ಮುಳುಗಿ ಎದ್ದರು.

"ಮತ್ಯಾಕ ಸ್ನಾನ ಮಾಮಾ?"

"ಸುಳ್ಳು ಹೇಳಿದೆನಲ್ಲೋ."

"ನೀವು ಹೇಳಿದ್ದು ಖರೇನ ಅದ. ಪುಸ್ತಕದಾಗ ಅದ."

"ನಿನಗ ಖರೆ. ನಾ ನಂಬದ್ದನ್ನ ನಾ ಹೇಳಿದರ ನನಗದು ಸುಳ್ಳs."

"ಮತ್ತ ಯಾಕ ಹೇಳಿದ್ರಿ? ಪಾಠಶಾಲಿ ಉಳೀಲಿ ಅಂತೇನು?"

ಮಾವ ಧೋತರದ ಅಂಚು ಹಿಂಡಿದರು. "ಪಾಠಶಾಲಿ ವಿರೂಪಾಕ್ಷಸ್ವಾಮಿ ನೋಡಿಕೋತಿದ್ದ. ನೀ ನಿಂತಲ್ಲೇ ನಡಗ್ತಿದ್ದೆಲ್ಲೋ ಹುಚ್ಚಾ. ನನ್ನ ತಂಗಿ ಮಗ ಮಂದಿ ಮುಂದ ತಲಿ ತಗ್ಗಿಸಿ ನಿಂತದ್ದು ನನಗ ನೋಡಲಿಕ್ಕಾಗಲಿಲ್ಲ."

ನನಗೆ ಅಳು ಬಂತು. ಮಾವ ನೋಡಬಾರದೆಂದು ನಾನೂ ಕೋಟು ಕಳಚಿಟ್ಟು ನೀರಿಗಿಳಿದೆ.

ಮಾವ ಹೋಗಿ ಈಗ ಎಷ್ಟೋ ವರ್ಷವಾಯಿತು. ಅವರ ಶ್ರಾದ್ಧವನ್ನು ನಾನೇ ಮಾಡುತ್ತೇನೆ. ಪುರೋಹಿತರಿಗೆ ಅವಸರ, ಸಂಕಲ್ಪವನ್ನು ಗಡಬಡಿಸಿ ಮುಗಿಸುತ್ತಾರೆ. ನಾನು ತಡೆದು ಬ್ರಹ್ಮನಿಂದ ಮತ್ತೆ ಶುರುಮಾಡಿಸುತ್ತೇನೆ. ಕಲ್ಪ, ಮನ್ವಂತರ, ಮೇರುವಿನ ದಕ್ಷಿಣ ಪಾರ್ಶ್ವ, ಒಂದನ್ನೂ ಬಿಡದೆ, ಇದನ್ನು ನಂಬದ ನಾನು ನನ್ನ ಬಾಯಿಂದಲೇ ಗಟ್ಟಿಯಾಗಿ ಹೇಳುತ್ತೇನೆ. ಅದಾದ ಮೇಲೆ ಹೊಳೆಗೆ ಹೋಗಿ ಮುಳುಗಬೇಕೆಂದು ಮಾತ್ರ ನನಗೆ ಯಾವತ್ತೂ ಅನಿಸಿಲ್ಲ.