ಒಳಗಿನಿಂದ ಹೊರಕ್ಕೆ ಬರಬೇಕಿದ್ದ ತುಕ್ಕು

ಮಾನ್ಯ ವಾರಂಟಿ ವಿಭಾಗದ ಮುಖ್ಯಸ್ಥರೇ, ಮತ್ತು ತಮ್ಮ ಮೊದಲ ಪತ್ರವನ್ನು ನಂಬುವುದಾದರೆ, ನಮ್ಮ ಕುಟುಂಬದ ಹಿರಿಯರೇ,

ತಾವು ಸಹಿಯ ಕೆಳಗೆ ಹೆಸರು ಹಾಕುವ ವಾಡಿಕೆ ಇಟ್ಟುಕೊಂಡಿಲ್ಲವಾದ್ದರಿಂದ ಒಬ್ಬೊಬ್ಬರ ಯೋಗಕ್ಷೇಮವನ್ನೂ ಕೆಲಸದ ಹೆಸರಿನಿಂದಲೇ ವಿಚಾರಿಸುತ್ತಿದ್ದೇನೆ, ಯಾರೂ ಬೇಸರಿಸಬಾರದು. ಗಾಜಿನ ಕೋಣೆಯ ಮ್ಯಾನೇಜರರ ಬೆನ್ನುನೋವು ಹೇಗಿದೆ? ನಾನು ಬಂದಾಗಲೆಲ್ಲ ಕುರ್ಚಿಯಿಂದ ಏಳಲಾಗದೆ ಒಳಗಿನಿಂದಲೇ ಕೈ ಬೀಸುತ್ತಾರಲ್ಲ, ಅದಕ್ಕೆ ಕೇಳಿದೆ. ನಮಗೆ ಕಾರು ಮಾರಿದ ಸೇಲ್ಸಿನವರಿಗೆ ಜ್ಞಾಪಕಶಕ್ತಿ ಮರಳಿತೇ? ಕೊಳ್ಳುವ ತನಕ ಮಾತಿಗೊಮ್ಮೆ 'ಅಮ್ಮಾ' ಎನ್ನುತ್ತಿದ್ದ ಮಹಾರಾಯರು ಹೋದ ತಿಂಗಳು 'ತಾವ್ಯಾರು?' ಎಂದರು. ಕಾರನ್ನು ತಪಾಸಣೆ ಮಾಡಲು ಬಂದಿದ್ದ ಇನ್‌ಸ್ಪೆಕ್ಟರರ ಕಣ್ಣು ಹೇಗಿದೆ ಎಂದು ಕೇಳುವುದು ಮರ್ಯಾದೆಯಲ್ಲ. ಅವರ ಟಾರ್ಚಿನ ಸೆಲ್ಲು ಹೇಗಿದೆ ಎಂದಷ್ಟೇ ಕೇಳುತ್ತೇನೆ. ಫೋನಿನಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹಗಲೂ ರಾತ್ರಿ ದುಡಿಯುವ ಆ ಮಗಳ ಗಂಟಲು ಆರದಿರಲಿ. ಆಕೆ ಊಟ ಮಾಡುವುದು ಯಾವಾಗ ಎಂಬುದೇ ನಮ್ಮ ಮನೆಯಲ್ಲಿ ಚಿಂತೆಯಾಗಿದೆ. ಇತ್ತ ನಾನು, ನನ್ನ ಯಜಮಾನರು, ನಮ್ಮ ಜೊತೆಗಿರುವ ನಾದಿನಿ, ಮೂವರೂ ಕ್ಷೇಮ. ಕಾರಿಗೆ ಮಾತ್ರ ಮೈಯಲ್ಲಿ ಹುಷಾರಿಲ್ಲ.

ಕಾರು ಮನೆಗೆ ಬಂದ ವಾರವೇ ತಮ್ಮಿಂದ ಮದುವೆ ಕಾಗದದಷ್ಟು ದಪ್ಪನೆಯ ಪತ್ರವೊಂದು ಬಂದು, 'ನಮ್ಮ ಕುಟುಂಬಕ್ಕೆ ತಮಗೆ ಆದರದ ಸ್ವಾಗತ' ಎಂದಿತ್ತು. ನನ್ನ ಯಜಮಾನರು ಹಳೆಯ ಕಾಲದವರು, ನಾಲ್ಕು ಜನರೆದುರು ನನ್ನನ್ನೇ 'ನಮ್ಮ ಕುಟುಂಬ' ಎನ್ನುವವರು. ಆ ಸಾಲನ್ನು ಎರಡೆರಡು ಸಲ ಓದಿಸಿ ಕೇಳಿ, "ನಾನಿನ್ನೂ ಬದುಕಿದೀನಿ ಅಂತ ಇವರಿಗೆ ಯಾರಾದ್ರೂ ಹೇಳಿದಾರೇನೇ?" ಎಂದು ನಕ್ಕಿದ್ದರು. ನಗು ಹಾಗಿರಲಿ, ನಾನು ಆ ಮಾತನ್ನು ಗಂಟು ಹಾಕಿಟ್ಟುಕೊಂಡೆ. ಬಂಧುಗಳೆಂದ ಮೇಲೆ ಕಷ್ಟಸುಖ ಹೇಳಿಕೊಳ್ಳುವುದರಲ್ಲಿ ಸಂಕೋಚವೇನು?

ಕಷ್ಟ ಇಷ್ಟೇ. ಕಾರಿಗೆ ಎರಡು ವರ್ಷ ತುಂಬುವ ಮೊದಲೇ ಎಡಗಡೆಯ ಹಿಂದಿನ ಬಾಗಿಲ ಕೆಳಗೆ, ಚಕ್ರದ ಕಮಾನಿನ ಅಂಚಿನಲ್ಲಿ, ಬಣ್ಣ ಗುಳ್ಳೆಯೆದ್ದಿದೆ. ಮೊದಲು ಕಂಡವಳು ನಾದಿನಿ. ಹಿಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆದರೆ ಕಾರು ಹಳೆಯದಾಗುತ್ತದೆಂದು ಇವತ್ತಿಗೂ ಅದರ ಮೇಲೇ ಬೆವರುತ್ತ ಕೂರುವವಳು ಆಕೆ. ಅಂದು ಬಾಗಿ ನೋಡಿ ನನ್ನ ಕಿವಿಯಲ್ಲಿ, "ಅತ್ತಿಗೆ, ನಿಮ್ಮ ಕಾರಿಗೆ ಸಿಡುಬು ಬಂದಿದೆ, ಅಣ್ಣನಿಗೆ ಹೇಳ್ಬೇಡಿ" ಎಂದಳು.

ಅಣ್ಣನಿಗೆ ಏಕೆ ಹೇಳಬಾರದೆಂದರೆ, ಈ ಕಾರನ್ನು ಆರಿಸಿದವರು ಅವರು. ಬಾಳೆಲ್ಲ ಬಸ್ಸು ಓಡಿಸಿದ ಮನುಷ್ಯನಿಗೆ ಕಣ್ಣಿನ ಬೆಳಕು ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬಂದು, ಕಿಟಕಿಯಷ್ಟಿದ್ದ ಜಗತ್ತು ಕೀಲಿಕೈ ತೂತಿನಷ್ಟಾಗಿದ್ದ ದಿನಗಳಲ್ಲಿ, ಆ ತೂತಿನಿಂದಲೇ ತಮ್ಮ ಅಂಗಡಿಯ ಕಾರುಗಳನ್ನೆಲ್ಲ ಸುತ್ತು ಹಾಕಿ ನೋಡಿ, 'ಇದೇ' ಎಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟಿದ್ದರು. ಈಗ ಆ ತೂತೂ ಮುಚ್ಚಿದೆ. ಅವರೇ ಕಲಿಸಿದ್ದರಿಂದ ಕಾರು ಓಡಿಸುವವಳು ನಾನು. ಪಕ್ಕದಲ್ಲಿ ಕೂತು "ಹಿಂದೆ ಲಾರಿ ಬರ್ತಿದೆ, ದಾರಿ ಬಿಡು ಮಾರಾಯ್ತಿ" ಎಂದು ಕಿವಿಯಿಂದಲೇ ದಾರಿ ನೋಡುವವರು ಅವರು. ಬೆಳಿಗ್ಗೆ ಎದ್ದರೆ ಬಟ್ಟೆ ಹಿಡಿದು ಕಾರಿನ ಮೈಯೆಲ್ಲ ಸವರಿ ಒರೆಸುತ್ತಾರೆ. ಎಡಗಡೆ ಒರೆಸಲು ಬಿಡದೆ, 'ಅಲ್ಲಿ ಚರಂಡಿ ಇದೆ, ಕಾಲು ಜಾರುತ್ತೆ' ಎಂದು ನಾನು ಇಲ್ಲದ ಚರಂಡಿಯೊಂದನ್ನು ತೋಡಿಟ್ಟಿದ್ದೇನೆ. ಅವರ ಬೆರಳು ಆ ಗುಳ್ಳೆಗೆ ತಾಗುವ ಮೊದಲು ತಾವು ಅದನ್ನು ಸರಿಮಾಡಿಕೊಡಬೇಕು ಎಂಬುದಷ್ಟೇ ನನ್ನ ಅರ್ಜಿಯಾಗಿತ್ತು.

ತಾವು ಉತ್ತರ ಬರೆದಿರಿ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಬರೆದಿರಿ. ನಾನು ಶಾಲೆಯಲ್ಲಿ ಹೆಚ್ಚು ಕೂತವಳಲ್ಲ. ಹೊಲಿಗೆ ಕಲಿಯುವಾಗ ಅಳತೆಗೆಂದು ಕತ್ತರಿಸಿದ ಹಳೆಯ ಪತ್ರಿಕೆಗಳ ಮೇಲೆ ಅಕ್ಷರ ಕೂಡಿಸಿ ಓದು ಕಲಿತವಳು. ತೋಳಿನ ಹತ್ತಿರ ಶುರುವಾದ ಸುದ್ದಿ ಕಂಕುಳಲ್ಲಿ ಮುಗಿದುಹೋಗುವುದು ನನಗೆ ಹೊಸದಲ್ಲ. ಆದರೆ ತಮ್ಮ ವಾಕ್ಯ ಎಲ್ಲಿಯೂ ಕತ್ತರಿ ತಾಗದೆ ಇಡಿಯಾಗಿದ್ದರೂ ಎಲ್ಲಿಗೂ ತಲುಪುವುದಿಲ್ಲ: 'ಸದರಿ ವಾಹನವು ಹೊರಗಿನಿಂದ ತುಕ್ಕು ಹಿಡಿದಿರುವುದರಿಂದಲೂ, ಒಳಗಿನಿಂದ ಹೊರಕ್ಕೆ ತೂತಾಗಿ ಬಂದಿರುವುದನ್ನು ಮಾತ್ರ ವಾರಂಟಿಯು ಒಳಗೊಳ್ಳುವುದರಿಂದಲೂ, ವಾರಂಟಿಯ ಅರ್ಥದಲ್ಲಿ ಇದನ್ನು ತುಕ್ಕು ಎಂದು ಪರಿಗಣಿಸಲಾಗುವುದಿಲ್ಲ.' ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ ಇರಬೇಕು. ತುಕ್ಕು ಹಿಡಿದಿದೆ, ಆದರೆ ಹಿಡಿದದ್ದು ತುಕ್ಕಲ್ಲ.

ಅದರಲ್ಲೂ 'ವಾಹನವು ತುಕ್ಕು ಹಿಡಿದಿರುವುದರಿಂದ' ಎಂಬ ಮಾತನ್ನು ನಾನು ಬಹಳ ಹೊತ್ತು ನೋಡಿದೆ. ನಮ್ಮ ಕಡೆ ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ, ಶನಿ ಹಿಡಿಯುತ್ತದೆ, ದೆವ್ವ ಹಿಡಿಯುತ್ತದೆ. ಹಿಡಿಯುವುದು ಯಾವಾಗಲೂ ಅದು, ಸಿಕ್ಕಿಬೀಳುವುದು ಪಾಪದ ಮನುಷ್ಯ. ತಮ್ಮ ಪತ್ರದಲ್ಲಿ ಮಾತ್ರ ವಾಹನವೇ ಎದ್ದು ಹೋಗಿ ತುಕ್ಕನ್ನು ಹಿಡಿದಿದೆ. ಕೇಳಿಯೇ ಬಿಡೋಣವೆಂದು ಸಂಜೆ ಕಾರಿನ ಹತ್ತಿರ ಹೋದೆ. ಅದು ನನ್ನ ಕೈಯಿಂದ ತಪ್ಪಿಸಿಕೊಂಡು ಎಲ್ಲೂ ಹೋದಂತೆ ಕಾಣಲಿಲ್ಲ. ಹೋಗುವುದೆಲ್ಲ ಕಣ್ಣಿನ ಆಸ್ಪತ್ರೆಗೆ, ತರಕಾರಿ ಮಾರ್ಕೆಟ್ಟಿಗೆ, ಮತ್ತು ಯಜಮಾನರಿಗೆ ಮನಸ್ಸು ಬಂದ ದಿನ ಹಳೆಯ ಬಸ್ ಡಿಪೋದ ಗೇಟಿನ ತನಕ. ಅಲ್ಲಿ ಗಾಜು ಇಳಿಸಿ ಎಂಜಿನ್ನುಗಳ ಸದ್ದು ಕೇಳಿ ವಾಪಸ್ಸು ಬರುತ್ತೇವೆ. ಈ ಮೂರರಲ್ಲಿ ತುಕ್ಕಿನ ಸಹವಾಸ ಎಲ್ಲಿ ಆಯಿತೆಂದು ತಾವೇ ತಿಳಿಸಬೇಕು.

ತುಕ್ಕು ಒಳಗಿನಿಂದ ಹೊರಕ್ಕೆ ಬರತಕ್ಕದ್ದು ಎಂಬ ತಮ್ಮ ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅಳಿಯಂದಿರಿಗೂ ಹೇಳದ ಇಂಥ ನಿಯಮವನ್ನು ತುಕ್ಕಿಗೆ ಹೇಳಲು ಎಂಥ ಎದೆಗಾರಿಕೆ ಬೇಕು. ನಮ್ಮ ತುಕ್ಕು ಅನಕ್ಷರಸ್ಥ, ತಮ್ಮ ಕೈಪಿಡಿಯನ್ನು ಓದಿಲ್ಲ, ಬಾಗಿಲಿರುವಾಗ ಗೋಡೆ ಹಾರಿ ಬಂದಿದೆ. ದಯವಿಟ್ಟು ತಮ್ಮಲ್ಲಿ ಯಾರಾದರೂ ಅನುಭವಸ್ಥರನ್ನು ಕಳಿಸಿ ಅದಕ್ಕೆ ಬುದ್ಧಿ ಹೇಳಿಸಿ, ಒಮ್ಮೆ ಮೊದಲಿದ್ದಲ್ಲಿಗೆ ಹಿಂದಿರುಗಿ, ಒಳಗಡೆಯಿಂದ ಕ್ರಮವಾಗಿ ಹೊರಟು ಬರುವಂತೆ ಮಾಡಬೇಕು. ಅಲ್ಲಿಯವರೆಗೆ ನಾವು ಕಾಯುತ್ತೇವೆ. ತೂತಾದ ದಿನ ಒಳಗೊಂದು ದೀಪ ಹಚ್ಚಿಟ್ಟರೆ ಆಚೆಯಿಂದ ಬೆಳಕು ಕಾಣುತ್ತದೆ, ಇನ್‌ಸ್ಪೆಕ್ಟರರಿಗೆ ಟಾರ್ಚಿನ ಖರ್ಚೂ ಉಳಿಯುತ್ತದೆ.

ಕಾರಿಗೆ ಗಾಳಿ ಮಳೆ ಸೋಕಿದ್ದೇ ಕಾರಣ ಎಂದು ಇನ್‌ಸ್ಪೆಕ್ಟರರು ಬಾಯಿಮಾತಿನಲ್ಲಿ ಹೇಳಿ ಹೋದರು. "ಮೇಡಂ, ಹೊರಗೆ ನಿಲ್ಲಿಸಿದ್ರೆ ಹೀಗೇ ಆಗೋದು" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಆಕಾಶ ಡೊಂಕಾಗಿದೆ. ಒಂದೇ ಸಂದೇಹ. ತಮ್ಮ ಅಂಗಡಿಯ ಗೋಡೆಯಷ್ಟಗಲದ ಚಿತ್ರದಲ್ಲಿ ಇದೇ ಕಾರು, ಇದೇ ಬಣ್ಣ, ಸಮುದ್ರದ ನೊರೆಯಲ್ಲಿ ಅರ್ಧ ಚಕ್ರ ಮುಳುಗಿಸಿ ನಗುನಗುತ್ತ ನಿಂತಿದೆಯಲ್ಲ, ಅದನ್ನು ಆಮೇಲೆ ಯಾರಾದರೂ ಮನೆಯೊಳಗೆ ಕರೆದುಕೊಂಡು ಹೋಗಿ ತಲೆ ಒರೆಸಿದರೇ? ಇಲ್ಲವಾದರೆ ಆ ಉಪ್ಪುನೀರಿಗೆ ಹೇಳಿಕೊಟ್ಟ ಬುದ್ಧಿಮಾತನ್ನೇ ನಮ್ಮ ಬೀದಿಯ ಮಳೆಗೂ ಹೇಳಿಕೊಡಿ. ಅದೂ ಆಗದಿದ್ದರೆ, ನಾವು ಒಂದೇ ಕುಟುಂಬವಾದ್ದರಿಂದ, ಕಾರನ್ನು ತಮ್ಮ ಗಾಜಿನ ಕೋಣೆಯಲ್ಲೇ ಮ್ಯಾನೇಜರರ ಪಕ್ಕ ನಿಲ್ಲಿಸಿಕೊಳ್ಳಿ. ನಾವು ವಾರಕ್ಕೊಮ್ಮೆ ಬಂದು ಒಳಗೆ ಕೂತು, ಹಾರ್ನ್ ಮಾಡಿ, ಮನೆಗೆ ನಡೆದುಕೊಂಡು ಹೋಗುತ್ತೇವೆ.

ಇಷ್ಟು ಬರೆದು ನಿನ್ನೆ ಪೆನ್ನು ಕೆಳಗಿಟ್ಟಿದ್ದೆ, ಇವತ್ತು ಲಕೋಟೆ ಅಂಟಿಸುವವಳಿದ್ದೆ. ಆದರೆ ಬೆಳಿಗ್ಗೆ ನಾನು ಹಾಲು ತರಲು ಹೋಗಿದ್ದಾಗ ಯಜಮಾನರು ನನ್ನ ಚರಂಡಿಯನ್ನು ದಾಟಿಬಿಟ್ಟಿದ್ದಾರೆ. ನಾನು ಗೇಟು ತೆಗೆಯುವಾಗ ಎಡಗಡೆ ಕುಕ್ಕರಗಾಲಲ್ಲಿ ಕೂತಿದ್ದರು.

"ಇದೇನೇ ಇಲ್ಲಿ?" ಎಂದರು. ಕೆಸರು, ನಾಳೆ ತೊಳೀತೀನಿ ಎಂದೆ. "ಕೆಸರು ಗುಳ್ಳೆ ಏಳುತ್ತೇನೇ?" ಎಂದು ಬೆರಳನ್ನು ಮೂಗಿನ ಹತ್ತಿರ ಹಿಡಿದರು. ನಾದಿನಿ ಬಾಗಿಲಲ್ಲಿ ನಿಂತು, "ಅಣ್ಣಾ, ಕಾಫಿ ಆರುತ್ತೆ ಬಾ" ಎಂದು ಮಾತು ತೇಲಿಸಲು ನೋಡಿದಳು. ಅವರು ಏಳಲಿಲ್ಲ. ಆಮೇಲೆ, ಕಾರಿಗೆ ಹೇಳುತ್ತಿರುವವರಂತೆ ಮೆಲ್ಲಗೆ, "ಅವತ್ತು ಕೊಳ್ಳುವಾಗ ನನಗೆ ಅರ್ಧಕ್ಕರ್ಧ ಕಾಣ್ತಿರಲಿಲ್ಲ. ಕಂಡಷ್ಟನ್ನ ನೋಡಿ ಹೂಂ ಅಂದೆ. ಕಣ್ಣಿರೋರು ನೋಡಿದ್ರೆ ಬೇರೆ ತರ್ತಿದ್ರು. ಮಾರಿಬಿಡು ಇದನ್ನ" ಎಂದರು. ತಮಗೆ ಬರೆದದ್ದು, ತಮ್ಮಿಂದ ಬಂದ ಉತ್ತರ ಎಲ್ಲವನ್ನೂ ಆಗ ಬಾಯಿಬಿಟ್ಟು ಹೇಳಿ, ತಪ್ಪು ನಿಮ್ಮದಲ್ಲ, ಅವರ ತಗಡಿನದು ಎಂದೆ. "ಅವರು ತಮ್ಮದಲ್ಲ ಅಂತ ಬರೆದು ಕಳಿಸಿದಾರೆ ಅಂದ್ಯಲ್ಲ. ಕಂಪನಿಯೋರು ಓದಿದೋರು, ಸುಮ್ಮನೆ ಬರೀತಾರಾ?" ಎಂದು ಎದ್ದು ಒಳಗೆ ಹೋದರು. ಕಣ್ಣಿನ ಆಸ್ಪತ್ರೆಗೆ ಹೋಗುವ ದಿನ ಇವತ್ತು. ಆಟೋ ತರಿಸು ಎಂದರು. ತಂಗಿಯ ಕೈ ಹಿಡಿದುಕೊಂಡು ಆಟೋದಲ್ಲೇ ಹೋಗಿದ್ದಾರೆ. ಕಾರು ಗೇಟಿನೊಳಗೆ ನಿಂತಿದೆ, ನಾನು ಅದರ ಡ್ರೈವರ್ ಸೀಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಿಂದ ಯಾರೂ ಬೈಯದೆ ಈ ಸೀಟಿನಲ್ಲಿ ಕೂತದ್ದು ಇದೇ ಮೊದಲು, ಸುಖವಾಗಿಲ್ಲ.

ಮುಚ್ಚಿಡುವಂಥದ್ದು ಇನ್ನೇನೂ ಉಳಿಯಲಿಲ್ಲವಾದ್ದರಿಂದ ಲಕೋಟೆಗೆಂದು ಬರೆದ ಈ ಪತ್ರವನ್ನು ಬಹಿರಂಗ ಪತ್ರವೆಂದು ಭಾವಿಸಬೇಕು. ಒಂದು ಪ್ರತಿಯನ್ನು ಪತ್ರಿಕೆಯವರಿಗೂ ಕಳಿಸುತ್ತಿದ್ದೇನೆ. ನನ್ನ ಹಳೆಯ ಬೇಡಿಕೆಗಳನ್ನೆಲ್ಲ ಹಿಂತೆಗೆದುಕೊಳ್ಳುತ್ತೇನೆ. ತುಕ್ಕಿಗೆ ಬುದ್ಧಿ ಹೇಳುವುದು ಬೇಡ, ಮಳೆಯ ತಂಟೆಗೂ ಹೋಗಬೇಡಿ. ಗುಳ್ಳೆಯನ್ನು ನಾವೇ ಕೆರೆಸಿ ಬಣ್ಣ ಬಳಿಸಿಕೊಳ್ಳುತ್ತೇವೆ. ತಾವು ಮಾಡಬೇಕಾದದ್ದು ಒಂದೇ. ತಮ್ಮ ವಿಭಾಗದಲ್ಲಿ ಗಂಟಲು ಗಟ್ಟಿ ಇರುವ ಒಬ್ಬರು ನಮ್ಮ ಮನೆಗೆ ಬಂದು, ಅಥವಾ ಯಾವ ಅಂಕಿಯನ್ನೂ ಒತ್ತಿಸದೆ ಫೋನಾದರೂ ಮಾಡಿ, ನನ್ನ ಯಜಮಾನರಿಗೆ ಒಂದು ವಾಕ್ಯ ಹೇಳಬೇಕು: "ನೀವು ಸರಿಯಾಗೇ ನೋಡಿದ್ರಿ, ಕಬ್ಬಿಣ ನಮ್ಮದು ಸರಿಯಿರಲಿಲ್ಲ." ನಾನು ಹೇಳಿದರೆ ಹೆಂಡತಿಯ ಸಮಾಧಾನ ಎನ್ನುತ್ತಾರೆ, ತಾವು ಹೇಳಿದರೆ ನಂಬುತ್ತಾರೆ. ಇದು ವಾರಂಟಿಯಲ್ಲಿ ಬರುವುದಿಲ್ಲವೆಂದು ಬಲ್ಲೆ. ಎಲ್ಲವೂ ವಾರಂಟಿಯಲ್ಲೇ ಬರಬೇಕೆಂದು ಯಾವ ನೆಂಟರೂ ಕೇಳುವುದಿಲ್ಲ.

ಗಾಜಿನ ಕೋಣೆಯಲ್ಲಿರುವ ಹಿರಿಯರಿಗೂ ಕಿರಿಯರಿಗೂ ನನ್ನ ನಮಸ್ಕಾರಗಳು.

ತಮ್ಮ ವಿಶ್ವಾಸಿ,
ವಾರಂಟಿಯ ಅರ್ಥದಲ್ಲಿ ಗ್ರಾಹಕಳಾಗಿರುವ ಹೊಲಿಗೆಯಮ್ಮ

ತಾ.ಕ.: ಯಜಮಾನರು ಮಾರಿಬಿಡು ಎಂದರಲ್ಲ, ಬೆಲೆ ತಿಳಿದಿರಲೆಂದು ಈಗಷ್ಟೇ ತಮ್ಮದೇ ಕಂಪನಿಯ ಹಳೆ ಕಾರು ಕೊಳ್ಳುವ ವಿಭಾಗಕ್ಕೆ ಫೋಟೋ ಕಳಿಸಿದ್ದೆ. ಅವರು ನೋಡಿದ ತಕ್ಷಣ, "ಅಮ್ಮಾ, ಎಡಗಡೆ ತುಕ್ಕಿದೆಯಲ್ಲ, ರೇಟು ಇಳಿಯುತ್ತೆ" ಎಂದರು. ಒಳಗಿನದೋ ಹೊರಗಿನದೋ ಎಂದು ಕೇಳಿದ್ದಕ್ಕೆ, "ತುಕ್ಕು ಅಂದ್ರೆ ತುಕ್ಕೇ ಅಮ್ಮಾ, ಅದರಲ್ಲೇನು?" ಎಂದು ನಕ್ಕರು. ಅವರ ಕಚೇರಿ ತಮ್ಮ ಕಟ್ಟಡದಲ್ಲೇ ಒಂದು ಮಹಡಿ ಕೆಳಗಿದೆಯಂತೆ. ಒಮ್ಮೆ ಮೆಟ್ಟಿಲಿಳಿದು ಪರಿಚಯ ಮಾಡಿಕೊಳ್ಳಿ, ಒಳ್ಳೆಯ ಜನ. ಮಾತಾಡಿಕೊಂಡ ದಿನವೇ ನಮಗೊಂದು ಕಾಗದ ಬರೆಯಿರಿ, ತಡ ಮಾಡಬೇಡಿ. ಕಾರು ಹತ್ತುವುದನ್ನು ಬಿಟ್ಟವರಿಗೆ ಮನೆಯಲ್ಲಿ ಹೊತ್ತು ಹೋಗುವುದು ಬಹಳ ಕಷ್ಟ.