ಮಾವ, ಅತ್ತೆ ಮತ್ತು ಚುಕ್ಕಿ ಒತ್ತುವ ಪ್ರಿಂಟರ್

ನಮ್ಮ ಸೋದರಮಾವ ಓದಿ ಹೇಳಿದ ಕಾದಂಬರಿಗಳಲ್ಲಿ ಯಾರೂ ಎರಡನೇ ಪುಟ ದಾಟಿ ಬದುಕಿದ್ದಿಲ್ಲ! ಕೊಪ್ಪದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಅವರಿಗೆ ತಾಳ್ಮೆ ಅನ್ನುವುದೇ ಇರಲಿಲ್ಲ. ಅತ್ತೆಗೋ ಓದಿನ ಹುಚ್ಚು. ಕಣ್ಣಿನ ನರ ಒಣಗಿ ದೃಷ್ಟಿ ಹೋದ ಮೇಲೆ ಮಾವನೇ ಓದಿ ಹೇಳಬೇಕಾಯಿತು. ನಾಯಕಿ ಎರಡು ಸಲ ಅತ್ತರೆ ಸಾಕು, ಮಾವ ಅವಳನ್ನು ಮುಗಿಸಿಬಿಡುತ್ತಿದ್ದರು.

"ಅಷ್ಟು ಬೇಗ ಸತ್ಲಾ?"

"ಜ್ವರ ಬಂದಿತ್ತು ಮಾರಾಯ್ತಿ!"

"ಇನ್ನು ನಾನೇ ಓದ್ಬೇಕು" ಎಂದು ಅತ್ತೆ ಹಟ ಹಿಡಿದು ಬ್ರೈಲ್ ಕಲಿತರು. ಆದರೆ ಬೆರಳಲ್ಲಿ ಓದುವ ಕನ್ನಡ ಕಾದಂಬರಿ ಕೊಪ್ಪದಲ್ಲಿ ಎಲ್ಲಿ ಸಿಗಬೇಕು? ಕ್ಲಾಸಿನ ಕಂಪ್ಯೂಟರಿನಲ್ಲಿ ಕಾದಂಬರಿ ಟೈಪ್ ಮಾಡಿ ಒತ್ತಿಸಲೆಂದು ಮಾವ ಶಿವಮೊಗ್ಗದಿಂದ ಕಾಗದಕ್ಕೆ ಚುಕ್ಕಿ ಒತ್ತುವ ಹಳೇ ಪ್ರಿಂಟರನ್ನೇ ಹೊತ್ತು ತಂದರು. ಆಯುಧಪೂಜೆ ಎದುರಿಗಿತ್ತು, ಅದು ಮುಗಿಯದೆ ವೈರ್ ಮುಟ್ಟಲಿಲ್ಲ.

ಆಮೇಲೆ ಶುರುವಾಯಿತು ನೋಡಿ!

"ಈ ಕಂಪ್ಯೂಟರು, ಪ್ರಿಂಟರು ಎರಡೂ ಮೊದ್ಲೇ ಮಾತಾಡ್ಕೊಂಡಿರ್ಬೇಕು ಮಾರಾಯ. ಎಷ್ಟು ಸ್ಪೀಡು, ಒಂದಕ್ಷರಕ್ಕೆ ಎಷ್ಟು ಬಿಟ್‌ಗಳು, ತಪ್ಪು ಹಿಡಿಯೋ ಪ್ಯಾರಿಟಿ ಬೇಕಾ ಬೇಡ್ವಾ, ಎಲ್ಲಿ ಸ್ಟಾಪು. ಒಂದು ತಪ್ಪಿದ್ರೂ ಬರೀ ಬಡಬಡ!"

"ನಿಮಗೂ ಅತ್ತೆಗೂ ಈ ನಾಲ್ಕರಲ್ಲಿ ಯಾವ್ದು ಹೊಂದಿದೆ ಮಾವ?"

"ಯಾವ್ದೂ ಇಲ್ಲ. ಆದ್ರೆ ನಿನ್ನತ್ತೆಗಿರೋ ಸಹನೆ ಈ ಪ್ರಿಂಟರಿಗಿಲ್ಲ!"

ಕಂಪ್ಯೂಟರಿನಲ್ಲಿ ಒಂದು ಸ್ಪೀಡು ಹಾಕುವುದು, ಗೋಡೆಗೆ ಆತುಕೊಂಡಿದ್ದ ಪ್ರಿಂಟರಿನ ಬೆನ್ನಿಗೆ ಕೈ ತೂರಿಸಿ, ಅಲ್ಲಿನ ಪುಟಾಣಿ ಸ್ವಿಚ್ಚುಗಳನ್ನು ಪೆನ್ನಿನ ತುದಿಯಲ್ಲಿ ಅದೇ ಸ್ಪೀಡಿಗೆ ತಳ್ಳುವುದು, ಬಂದ ಹಾಳೆಯನ್ನು ಅತ್ತೆಗೆ ಕೊಡುವುದು. ವಾರಗಟ್ಟಲೆ ಇದೇ ಕೆಲಸ.

"ಎಂತ ಬರ್ದಿದೆ?"

"ಎಂತದೂ ಇಲ್ಲ. ಕಾಗದಕ್ಕೆ ಬೆವರುಸಾಲೆ ಎದ್ದಿದೆ!"

ಮಾವ ಊಟದ ಮಧ್ಯೆಯೇ ಎದ್ದು ಹೋಗಿ ಪ್ಯಾರಿಟಿ ಬದಲಿಸುತ್ತಿದ್ದರು. ನಾನಂತೂ ಇದು ಆಗದ ಕೆಲಸ ಅಂದುಕೊಂಡಿದ್ದೆ. ಕೊನೆಗೊಂದು ದಿನ ಅತ್ತೆಯೇ ಬಂದು ಪ್ರಿಂಟರಿನ ಬೆನ್ನು ಸವರಿದರು.

"ಹೋಯ್, ಇಲ್ಲಿ ಎಂತ ಮೆತ್ತಿದ್ರಿ? ಕಲ್ಲಾಗಿ ಕೂತಿದೆ."

ಆಯುಧಪೂಜೆಯ ಗಂಧ! ಅದು ಒಣಗಿ, ಸ್ಪೀಡಿನ ಸ್ವಿಚ್ಚು ಒಂದಿಷ್ಟೂ ಅಲ್ಲಾಡಿರಲಿಲ್ಲ.

"ಪೂಜೆ ಮಾಡ್ಬಾರ್ದಾ?"

"ಮಾಡಿ. ಗಂಧದಲ್ಲಿ ಅದ್ದಿ ತೆಗೀಬೇಡಿ!"

ಅತ್ತೆ ಹೇರ್‌ಪಿನ್ನಿನಿಂದ ಗಂಧ ಕೆರೆದು ತೆಗೆದರು. ಮಾವ ಮತ್ತೆ ನಾಲ್ಕನ್ನೂ ಸರಿಹೊಂದಿಸಿದರು. ಯಂತ್ರ ಟಕಟಕ ಅಂದಿತು. ಅತ್ತೆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು. ಸ್ವಲ್ಪ ಹೊತ್ತಿಗೆ ಅವರಷ್ಟಕ್ಕೆ ಅವರೇ ನಕ್ಕರು.

"ಎಂತದೇ? ಎಂತ ಬಂತು? ಹೇಳೇ!"

"ಶ್! ಓದ್ತಾ ಇದೀನಿ. ಸುಮ್ನಿರಿ ಒಂಚೂರು."

ಮಾವ ನನ್ನ ಕೈ ಹಿಡಿದು ಜಗಲಿಗೆ ಎಳೆದುಕೊಂಡು ಬಂದರು. "ಕೇಳಿದ್ಯನಾ? ಸುಮ್ನಿರಿ ಅಂದ್ಲು ನಂಗೆ!" ಅನ್ನುತ್ತಾ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು. ಒಳಗೆ ಅತ್ತೆ ಇನ್ನೊಮ್ಮೆ ನಕ್ಕರು. ಯಾಕೆಂದು ಮಾವ ಕೇಳಲಿಲ್ಲ.